‘ಗ್ಯಾಸ್ ಖಾಲಿ’ ಎಂಬ ಸುಳ್ಳು

ಮೂರು ಬೇಸಿಗೆ ನಾನು ಒಂದೇ ಸುಳ್ಳಿಗೆ ದುಡ್ಡು ಕೊಟ್ಟೆ. ಮೊದಲ ವರ್ಷ 2,800 ರೂಪಾಯಿ, ಮರುವರ್ಷ 3,000, ಅದರಾಚೆ ವರ್ಷ 3,200. ಒಟ್ಟು ಒಂಬತ್ತು ಸಾವಿರ. ಸುಳ್ಳು ಎರಡೇ ಪದದ್ದು: ‘ಗ್ಯಾಸ್ ಖಾಲಿ’.

ಕಲಬುರಗಿಯ ಬೇಸಿಗೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಮೇ ತಿಂಗಳಲ್ಲಿ ಪಾರಾ 42 ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಹಗಲಿಡೀ ಕಾದ ಮಾಳಿಗೆ ರಾತ್ರಿ ಹನ್ನೊಂದರವರೆಗೂ ಕೆಂಡ ಉಗುಳುತ್ತಲೇ ಇರುತ್ತದೆ. ನಮ್ಮವ್ವನಿಗೆ ಎಪ್ಪತ್ತೆಂಟು, ಉಬ್ಬಸ ಬೇರೆ. 2016ರಲ್ಲಿ ಸಾಲ ಮಾಡಿ ಅವಳ ಕೋಣೆಗೆ ಒಂದೂವರೆ ಟನ್ನಿನ ಎಸಿ ಹಾಕಿಸಿದೆ. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಏಪ್ರಿಲ್‌ನಲ್ಲಿ ಅದು ಬರೀ ಗಾಳಿ ಊದತೊಡಗಿತು. ಸರ್ವಿಸ್ಸಿಗೆ ಬಂದ ಹುಡುಗ ಹೊರಗಿನ ಯೂನಿಟ್ಟಿಗೆ ಗೇಜ್ ಹಚ್ಚಿ, ಮುಳ್ಳು ನೋಡಿ, “ಗ್ಯಾಸ್ ಖಾಲಿ ಆಗ್ಯಾದ್ರಿ ಸರ್, ತುಂಬಿಸ್ಬೇಕು” ಅಂದ. ಇಪ್ಪತ್ತು ನಿಮಿಷದಲ್ಲಿ ತುಂಬಿಸಿ ಹೋದ. ಕೋಣೆ ತಣ್ಣಗಾಯಿತು. ಅವ್ವ ಕಣ್ಣುಮುಚ್ಚಿ ಮಲಗಿದಳು. ನಾನು ಚೀಟಿಗೆ ಸಹಿ ಹಾಕಿದೆ.

ಕನ್ನಡ ಮಾಸ್ತರ ನಾನು. ಪ್ರತಿ ವರ್ಷ ಮಕ್ಕಳಿಗೆ, ಪದ ಬಂದ ಕೂಡಲೇ ನಂಬಬೇಡಿ, ಅದು ಎಲ್ಲಿಂದ ಬಂತು, ಯಾರ ಕೆಲಸ ಮಾಡುತ್ತಿದೆ ನೋಡಿ ಅಂತ ಪಾಠ ಹೇಳುವವನು. ‘ಖಾಲಿ’ ಎಂಬ ಪದವನ್ನು ಮಾತ್ರ ಮೂರು ವರ್ಷ ಒಂದು ಪ್ರಶ್ನೆಯೂ ಇಲ್ಲದೆ ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಎಂಬುದನ್ನು ಬಿಡಿಸಿ ನೋಡಲೆಂದೇ ಈ ಲೇಖನ. ಕೈಯಿಂದ ಹೋದ ಒಂಬತ್ತು ಸಾವಿರ ಇದರಲ್ಲಿ ಸಣ್ಣ ಸಂಗತಿ.

ನಮ್ಮ ಮನೆಗಳಲ್ಲಿ ‘ಗ್ಯಾಸ್’ ಅಂದರೆ ಅಡುಗೆಮನೆಯ ಸಿಲಿಂಡರು. ಅದು ಉರಿಯುತ್ತದೆ, ಮುಗಿಯುತ್ತದೆ, ಬುಕ್ ಮಾಡಿದರೆ ಇನ್ನೊಂದು ಬರುತ್ತದೆ. ಗ್ಯಾಸ್ ಖಾಲಿಯಾಗುವುದು ನಮಗೆ ಹಾಲು ಖಾಲಿಯಾದಷ್ಟೇ ಸಹಜ. ಎಸಿಯೊಳಗಿನ ದ್ರವ್ಯವನ್ನೂ ಅದೇ ಹೆಸರಿನಿಂದ ಕರೆದ ಗಳಿಗೆಯಲ್ಲೇ ಅರ್ಧ ಮೋಸ ಮುಗಿಯಿತು. ಉಳಿದರ್ಧವನ್ನು ‘ಖಾಲಿ’ ಮಾಡಿ ಮುಗಿಸುತ್ತದೆ.

ಎಸಿಯ ಗ್ಯಾಸ್ ಇಂಧನವಲ್ಲ. ಅದನ್ನು ಶೀತಕ ಅನ್ನುತ್ತಾರೆ. ಬಾವಿಯಿಂದ ನೀರು ಸೇದುವುದನ್ನು ನೆನಪಿಸಿಕೊಳ್ಳಿ. ಕೊಡ ಕೆಳಗಿಳಿಯುತ್ತದೆ, ನೀರು ತುಂಬಿಕೊಂಡು ಮೇಲೆ ಬರುತ್ತದೆ, ನೀರು ಸುರಿದು ಮತ್ತೆ ಇಳಿಯುತ್ತದೆ. ನೂರು ಸಲ ಸೇದಿದರೂ ಕೊಡ ಒಂದೇ. ಇಲ್ಲಿ ಕೋಣೆಯೇ ಬಾವಿ, ಸೆಕೆಯೇ ನೀರು, ಶೀತಕವೇ ಕೊಡ. ಸೇದುವ ಕೈ ಕಂಪ್ರೆಸರ್. ಖರ್ಚಾಗುವುದು ಕರೆಂಟು ಮಾತ್ರ.

ಇನ್ನೂ ಸ್ವಲ್ಪ ಒಳಗೆ ಹೋಗೋಣ, ಇದರಲ್ಲಿ ಕಷ್ಟದ್ದೇನಿಲ್ಲ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಬೆವರು ಆರಿದಾಗ ಮೈ ತಣ್ಣಗಾಗುವುದೂ, ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಹಾಗೆಯೇ. ನಮ್ಮ ಎಸಿಯಲ್ಲಿದ್ದದ್ದು ಆರ್-410ಎ. ಬಯಲಲ್ಲಿ ಬಿಟ್ಟರೆ ಅದು ಸೊನ್ನೆಗಿಂತ 51 ಡಿಗ್ರಿ ಕೆಳಗೇ ಕುದಿಯುತ್ತದೆ. ಒಳಗಿನ ಯೂನಿಟ್ಟಿನ ಕಾಯಿಲಿನಲ್ಲಿ ಒತ್ತಡವನ್ನು ಹದವಾಗಿಟ್ಟು, ಕೋಣೆಯ ಗಾಳಿಗಿಂತ ಸಾಕಷ್ಟು ತಣ್ಣಗಿರುವಂತೆ ಅದನ್ನು ಕುದಿಸುತ್ತಾರೆ. ಕುದಿಯಲು ಬೇಕಾದ ಶಾಖವನ್ನು ಅದು ಅವ್ವನ ಕೋಣೆಯಿಂದ ತೆಗೆದುಕೊಳ್ಳುತ್ತದೆ. ಆ ಆವಿಯನ್ನು ಹೊರಗಿನ ಯೂನಿಟ್ಟಿನ ಕಂಪ್ರೆಸರ್ ಎಳೆದುಕೊಂಡು ಅದುಮುತ್ತದೆ. ಅದುಮಿದಾಗ ಅದು ಹೊರಗಿನ ಬಿಸಿಲಿಗಿಂತಲೂ ಬಿಸಿಯಾಗುತ್ತದೆ. ಹಾಗಾಗಿಯೇ 42 ಡಿಗ್ರಿಯ ಗಾಳಿಗೂ ಶಾಖ ಕೊಟ್ಟು ಮತ್ತೆ ದ್ರವವಾಗಲು ಸಾಧ್ಯ. ಆಮೇಲೆ ಒಂದು ಕಿರಿದಾದ ದಾರಿಯಲ್ಲಿ ತೂರಿ, ಒತ್ತಡ ಇಳಿದು, ತಣ್ಣಗಾಗಿ ಒಳಗಿನ ಕಾಯಿಲಿಗೆ ಮರಳುತ್ತದೆ.

ಈ ಇಡೀ ಸುತ್ತು ತಾಮ್ರದ ಪೈಪಿನೊಳಗೆ, ಎಲ್ಲೂ ಬಾಯಿ ತೆರೆಯದೆ ನಡೆಯುತ್ತದೆ. ಶೀತಕ ಉರಿಯುವುದಿಲ್ಲ, ಸವೆಯುವುದಿಲ್ಲ. ಕಾರ್ಖಾನೆಯಲ್ಲಿ ತೂಗಿ ತುಂಬಿದ್ದು ಯಂತ್ರ ಗುಜರಿಗೆ ಹೋಗುವವರೆಗೂ ಇರಬೇಕು. ಆದ್ದರಿಂದ ಗ್ಯಾಸ್ ಕಡಿಮೆಯಾಗಿದೆ ಎಂಬ ಮಾತಿಗೆ ಎರಡೇ ಅರ್ಥ: ಎಲ್ಲೋ ತೂತಿದೆ, ಇಲ್ಲವೇ ಮೊದಲ ದಿನವೇ ಸರಿಯಾಗಿ ತುಂಬಿರಲಿಲ್ಲ. ಮೂರನೆಯ ಅರ್ಥವಿಲ್ಲ. ‘ವರ್ಷಕ್ಕೊಮ್ಮೆ ಟಾಪ್-ಅಪ್ ಮಾಡಿಸಬೇಕು’ ಅನ್ನುವವರು ಒಡೆದ ಕೊಡಕ್ಕೆ ನೀರು ಹೊಯ್ಯಲು ಕೂಲಿ ಕೇಳುತ್ತಿದ್ದಾರೆ.

ನಾಲ್ಕನೇ ವರ್ಷ ಮಾರ್ಚಿಯಲ್ಲೇ ಎಸಿ ಕೈಕೊಟ್ಟಿತು. ಕಾಯಿಲಿನ ಮೇಲೆ ಬಿಳಿ ಮಂಜು ಕಟ್ಟಿತ್ತು. ನಾನು ಮತ್ತದೇ ನಂಬರಿಗೆ ಫೋನು ಮಾಡುವವನಿದ್ದೆ. ಪಕ್ಕದ ಮನೆಯವರು ಬೇರೊಬ್ಬರನ್ನು ಕಳಿಸಿದರು. ಅರವತ್ತು ದಾಟಿದ ಮನುಷ್ಯ, ಓಣಿಯವರೆಲ್ಲ ಚಾಚಾ ಅನ್ನುತ್ತಾರೆ. ಅವರು ಮೊದಲು ಗೇಜ್ ಹಚ್ಚಲಿಲ್ಲ. ಫಿಲ್ಟರ್ ತೆಗೆದು ನೋಡಿದರು. ಧೂಳು ಕಟ್ಟಿದರೂ ಮಂಜು ಹಿಡಿಯುತ್ತದಂತೆ, ಆಗ ಗ್ಯಾಸಿನ ತಂಟೆಗೇ ಹೋಗಬಾರದಂತೆ. ಫಿಲ್ಟರ್ ಸ್ವಚ್ಛವಿತ್ತು. ಆಮೇಲೆ ಹೊರಗಿನ ಯೂನಿಟ್ಟಿನ ಬಳಿ ಕುಂತು, ಪೈಪು ಕೂಡುವ ನಟ್ಟಿನ ಸುತ್ತ ಬೆರಳಾಡಿಸಿ ನನಗೆ ತೋರಿಸಿದರು. ಬೆರಳಿಗೆ ಎಣ್ಣೆ, ಎಣ್ಣೆಗೆ ಅಂಟಿದ ಕರಿ ಧೂಳು.

“ಹೋದ ಸಲ ಯಾರೋ ಗ್ಯಾಸ್ ಖಾಲಿ ಆಗ್ಯಾದ ಅಂದಿದ್ರು ಚಾಚಾ” ಅಂದೆ.

“ಖಾಲಿ ಹ್ಯಾಂಗ ಆಗ್ತದ್ರಿ ಮಾಸ್ತರ್? ಇದೇನು ಸ್ಕೂಟರಿನ ಪೆಟ್ರೋಲ್ ಏನು, ಓಡಿಸಿದಂಗ ಸುಟ್ಟು ಹೋಗ್ಲಿಕ್ಕೆ? ಎಲ್ಲಿ ಹೋತು ಅಂತ ಮೊದಲ ಹುಡುಕಬೇಕು. ಹುಡುಕಲಾರದೆ ತುಂಬಿದ್ರ ಅದು ರಿಪೇರಿ ಅಲ್ಲ, ದಂಧೆ.”

ಕಂಪ್ರೆಸರಿನ ಎಣ್ಣೆಯ ಒಂದಂಶ ಶೀತಕದ ಜೊತೆಗೇ ತಿರುಗುತ್ತಿರುತ್ತದೆ. ಗ್ಯಾಸ್ ಸೋರುವಲ್ಲಿ ಎಣ್ಣೆಯೂ ಜಿನುಗಿ ಕಲೆ ಬಿಡುತ್ತದೆ. ಮೂರು ವರ್ಷ ಆ ಕಲೆ ಅಲ್ಲೇ ಇತ್ತು. ಮೂವರು ಹುಡುಗರು ಅದರಿಂದ ಗೇಣು ದೂರದಲ್ಲಿ ಕೈಯಿಟ್ಟು ಗ್ಯಾಸ್ ತುಂಬಿದ್ದರು. ಚಾಚಾ ಸೋಪಿನ ನೊರೆ ಹಚ್ಚಿದರು. ಸಣ್ಣ ಸಣ್ಣ ಗುಳ್ಳೆ ಎದ್ದವು. ನಟ್ಟನ್ನು ಯಾರೋ ಅತಿಯಾಗಿ ಬಿಗಿದು ಪೈಪಿನ ಬಾಯಿ ಸೀಳಿತ್ತು, ಕೂದಲೆಳೆಯಷ್ಟು.

ಅವರು ಪೈಪಿನ ತುದಿ ಕತ್ತರಿಸಿ ಹೊಸ ಬಾಯಿ ಅರಳಿಸಿದರು. ನೈಟ್ರೋಜನ್ ತುಂಬಿ, ಒತ್ತಡ ಇಳಿಯುತ್ತದೋ ಎಂದು ಗೇಜಿನ ಮುಳ್ಳನ್ನೇ ನೋಡುತ್ತ ಒಂದು ತಾಸು ಚಹಾ ಕುಡಿಯುತ್ತ ಕುಂತರು. ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ, ಪಸೆ ಎಲ್ಲ ಎಳೆದರು. ಕೊನೆಗೆ ಯೂನಿಟ್ಟಿನ ಮೇಲೆ ಬರೆದ ತೂಕ ಓದಿ, ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಅಷ್ಟೇ ಗ್ರಾಂ ತುಂಬಿದರು. ಮೂರೂವರೆ ತಾಸು ಹಿಡಿಯಿತು, 4,500 ರೂಪಾಯಿ ಆಯಿತು. ಅದಾದ ಮೇಲೆ ಎಸಿ ಗ್ಯಾಸ್ ಕೇಳಿಲ್ಲ.

ಆ ದಿನ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಹಳೆಯ ಗ್ಯಾಸಿನ ಅಳಿದುಳಿದದ್ದನ್ನು ಚಾಚಾ ಗಾಳಿಗೇ ಬಿಟ್ಟರು. ಹಿಡಿದಿಡುವ ಯಂತ್ರ ಇದೆಯಂತೆ. “ಅದರ ರೇಟು ಕೇಳಿದ್ರ ನಮ್ಮಂಥವರು ಹಿಂದಿರುಗಿ ಬರೋದೇ” ಅಂದರು. ಬಿಟ್ಟಾಗ ಒಂದು ಕ್ಷಣ ಬುಸ್ಸೆಂದಿತು. ವಾಸನೆಯಿಲ್ಲ, ಬಣ್ಣವಿಲ್ಲ. ಎಲ್ಲಿಗೆ ಹೋಯಿತು ಎಂದು ಕೇಳುವ ಹಾಗೂ ಇರಲಿಲ್ಲ.

ಕೇಳಬೇಕು. ಅಡುಗೆ ಗ್ಯಾಸಿಗೂ ಮೂಲದಲ್ಲಿ ವಾಸನೆಯಿಲ್ಲ. ಸೋರಿದರೆ ನಮಗೆ ತಿಳಿಯಲಿ ಅಂತ ಅದಕ್ಕೆ ಕೆಟ್ಟ ವಾಸನೆಯ ದ್ರವ್ಯವೊಂದನ್ನು ಬೇಕೆಂದೇ ಬೆರೆಸುತ್ತಾರೆ. ಅದು ಸೋರಿದರೆ ಸಾಯುವವರು ನಾವು. ಎಸಿ ಗ್ಯಾಸಿಗೆ ಯಾರೂ ವಾಸನೆ ಬೆರೆಸಿಲ್ಲ, ಯಾಕೆಂದರೆ ಅದು ಸೋರಿದರೆ ಕೆಡುವುದು ಆಕಾಶ. ಆಕಾಶ ಯಾರ ಮನೆಯದೂ ಅಲ್ಲ.

ಇದರ ಚರಿತ್ರೆ ಓದಿದರೆ ಈ ಉದಾಸೀನ ಎಷ್ಟು ಹಳೆಯದು ಅಂತ ತಿಳಿಯುತ್ತದೆ. ನೂರು ವರ್ಷಗಳ ಹಿಂದೆ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್‌ನಂಥ ವಿಷಗಳೇ ಇದ್ದವು. ಸೋರಿದರೆ ಜನ ಸಾಯುತ್ತಿದ್ದರು. 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲೀ ಮತ್ತವರ ಜೊತೆಗಾರರು ಕ್ಲೋರೋಫ್ಲೋರೋಕಾರ್ಬನ್ ಎಂಬ ಉತ್ತರ ಕಂಡುಕೊಂಡರು. ಪೆಟ್ರೋಲಿಗೆ ಸೀಸ ಬೆರೆಸುವುದನ್ನು ಕಂಡುಹಿಡಿದ ಮಿಜ್ಲೀಯೇ ಇವರು. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಆ ಅನಿಲವನ್ನು ಎದೆತುಂಬ ಎಳೆದುಕೊಂಡು, ಉಸಿರು ಬಿಟ್ಟು ಉರಿಯುವ ಮೇಣದಬತ್ತಿ ಆರಿಸಿ ತೋರಿಸಿದರು. ವಿಷವಲ್ಲ, ಬೆಂಕಿ ಹತ್ತುವುದಿಲ್ಲ, ನೋಡಿ! ಸಭೆ ಮೆಚ್ಚಿತು, ಜಗತ್ತೂ ಮೆಚ್ಚಿತು. ಮನುಷ್ಯನ ಪುಪ್ಪುಸಕ್ಕೆ ಏನೂ ಆಗದಿದ್ದರೆ ಸಾಕೆಂಬ ಪರೀಕ್ಷೆ ಅದು.

1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲ್ಯಾಂಡ್, ಇಷ್ಟು ಗಟ್ಟಿಯಾದ ಅನಿಲ ಕೆಳಗೆಲ್ಲೂ ಒಡೆಯದೆ ಮೇಲೇರಿ, ಅಲ್ಲಿ ನೇರಳಾತೀತ ಕಿರಣಕ್ಕೆ ಸಿಕ್ಕು ಒಡೆದು, ಅದರ ಕ್ಲೋರಿನ್ ಓಝೋನನ್ನು ತಿನ್ನುತ್ತದೆ ಎಂದು ತೋರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಝೋನ್ ರಂಧ್ರದ ವರದಿ ಬಂತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಸೇರಿತು. ಜಗತ್ತಿನ ದೇಶಗಳೆಲ್ಲ ಒಪ್ಪಿ ನಡೆದ ಅಪರೂಪದ ಕೆಲಸ ಇದು, ಓಝೋನ್ ಪದರ ನಿಧಾನಕ್ಕೆ ಚೇತರಿಸಿಕೊಳ್ಳುತ್ತಿದೆ. ಎಸಿಗಳಲ್ಲಿದ್ದ ಆರ್-22 ಓಝೋನಿಗೆ ಕಡಿಮೆ ಕೆಡುಕು, ಆದರೆ ಕೆಡುಕೇ. ಅದರ ಬದಲಿಗೆ ಬಂದ ಆರ್-410ಎ, ಆರ್-32 ಓಝೋನನ್ನು ಮುಟ್ಟುವುದಿಲ್ಲ. ಆದರೆ ಭೂಮಿಯ ಬಿಸಿಯನ್ನು ಹಿಡಿದಿಡುವುದರಲ್ಲಿ ನಿಸ್ಸೀಮವಾದವು. ಅದಕ್ಕಾಗಿ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಂದಕ್ಕೆ ತಿದ್ದುಪಡಿಯಾಯಿತು. ಭಾರತ 2021ರಲ್ಲಿ ಅದನ್ನು ಅನುಮೋದಿಸಿತು. 2032ರಿಂದ ಇಳಿಸುತ್ತ ಬಂದು 2047ಕ್ಕೆ ಶೇ. 85ರಷ್ಟು ಕಡಿಮೆ ಮಾಡುವುದು ನಮ್ಮ ಮಾತು.

ಈಗ ನನ್ನ ಮನೆಯ ಲೆಕ್ಕ ಕೇಳಿ. ನೂರು ವರ್ಷದ ಅವಧಿಯಲ್ಲಿ ಒಂದು ಕಿಲೋ ಆರ್-410ಎ ಹಿಡಿದಿಡುವ ಬಿಸಿ 2,088 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-22ರದು 1,810, ಆರ್-32ರದು 675. ಮೂರು ವರ್ಷದಲ್ಲಿ ನನ್ನ ಗೋಡೆಯಿಂದ ಹೋದದ್ದು ಒಟ್ಟು ಎರಡು ಕಿಲೋ ಅಂತ ಇಟ್ಟುಕೊಳ್ಳಿ. ನಾಲ್ಕು ಸಾವಿರ ಕಿಲೋ ಮೀರಿತು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಡೈಆಕ್ಸೈಡ್. ಅಂದರೆ ನಾನು 1,800 ಲೀಟರ್ ಪೆಟ್ರೋಲ್ ಸುಟ್ಟಂತಾಯಿತು. ಲೀಟರಿಗೆ 45 ಕಿಲೋಮೀಟರ್ ಕೊಡುವ ನನ್ನ ಸ್ಕೂಟರಿನಲ್ಲಿ ಇಡೀ ಭೂಮಿಯನ್ನು ಎರಡು ಸುತ್ತು ಹಾಕಬಹುದಿತ್ತು. ನಾನು ಕಾಲೇಜಿಗೆ ನಡೆದೇ ಹೋಗುತ್ತೇನೆ. ಪರಿಸರ ದಿನದಂದು ಬೇವಿನ ಸಸಿ ನೆಡಿಸಿ ಭಾಷಣವನ್ನೂ ಮಾಡುತ್ತೇನೆ. ಆ ಮೂರೂ ವರ್ಷ ಮಾಡಿದ್ದೇನೆ.

ಈ ಕತೆ ಹೇಳಿದರೆ ಮೂರು ಬಗೆಯ ಉತ್ತರ ಬರುತ್ತದೆ. ಮೂರಕ್ಕೂ ನನ್ನ ತಕರಾರಿದೆ.

ಮೊದಲನೆಯದು, ‘ಈ ಮೆಕ್ಯಾನಿಕ್‌ಗಳೆಲ್ಲ ಕಳ್ಳರು’ ಎಂಬುದು. ಸುಲಭದ ಉತ್ತರ, ಹಾಗಾಗಿಯೇ ತಪ್ಪು. ಆ ಹುಡುಗನಿಗೆ ಬೇಸಿಗೆಯಲ್ಲಿ ದಿನಕ್ಕೆ ಎಂಟು ಹತ್ತು ಮನೆ. ದುಡ್ಡು ಮನೆಯ ಲೆಕ್ಕದಲ್ಲಿ, ತಾಸಿನ ಲೆಕ್ಕದಲ್ಲಲ್ಲ. ಸೋರಿಕೆ ಹುಡುಕಿ ಕುಂತರೆ ಅವನ ಅರ್ಧ ದಿನ ಹೋಯಿತು, ಗ್ಯಾಸ್ ತುಂಬಿದರೆ ಇಪ್ಪತ್ತು ನಿಮಿಷ. ಅವನ ಬ್ಯಾಗಿನಲ್ಲಿ ನೈಟ್ರೋಜನ್ ಇಲ್ಲ, ತಕ್ಕಡಿಯಿಲ್ಲ, ಬಹಳ ಸಲ ವ್ಯಾಕ್ಯೂಮ್ ಪಂಪೂ ಇಲ್ಲ. ಮೂರನೇ ಮಹಡಿಯ ಸಜ್ಜೆಯ ಮೇಲೆ ಬೆಲ್ಟಿಲ್ಲದೆ ನಿಲ್ಲುತ್ತಾನೆ. ಅವನಿಗೆ ಸುಳ್ಳು ಹೇಳಲು ಯಾರೂ ಕಲಿಸಿಲ್ಲ. ನಿಜ ಹೇಳಿದರೆ ಹೊಟ್ಟೆ ತುಂಬದಂತೆ ಏರ್ಪಾಡು ಮಾಡಿದ್ದಾರೆ, ಅಷ್ಟೇ. 2019ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ಹೊರತಂದ ಕೂಲಿಂಗ್ ಕ್ರಿಯಾಯೋಜನೆಯಲ್ಲಿ 2022-23ರೊಳಗೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿಯಿತ್ತು. ಒಳ್ಳೆಯದೇ. ಆದರೆ ಅಮೆರಿಕದಲ್ಲಿ ಪ್ರಮಾಣಪತ್ರವಿಲ್ಲದೆ ಈ ಗ್ಯಾಸಿನ ಪೈಪನ್ನು ಬಿಚ್ಚುವಂತಿಲ್ಲ, ಬೇಕೆಂದೇ ಗಾಳಿಗೆ ಬಿಡುವುದು ಅಪರಾಧ. ನಮ್ಮಲ್ಲಿ ಸ್ಪ್ಯಾನರ್ ಇದ್ದವನೇ ತಂತ್ರಜ್ಞ. ಎಸಿ ಮಾರಿ ಲಾಭ ತಿಂದವರು ಅದರ ಸೋರಿಕೆಯ ಹೊಣೆಯನ್ನು ದಿನಗೂಲಿಯ ಹುಡುಗನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿರಬಾರದು.

ಎರಡನೆಯದು, ‘ಎಸಿಯೇ ಬೇಡ, ನಮ್ಮ ಹಿರಿಯರು ಬದುಕಿರಲಿಲ್ಲವೇ’ ಎಂಬುದು. ಇದು ಹೆಚ್ಚಾಗಿ ಬರುವುದು ನಮ್ಮ ಸಾಹಿತ್ಯದ ಗೆಳೆಯರಿಂದ, ಅದೂ ತಂಪು ಊರುಗಳಲ್ಲಿ ಕುಂತವರಿಂದ. ಲಾವಂಚದ ತಟ್ಟಿ, ಮಣ್ಣಿನ ಗೋಡೆ, ಬೇವಿನ ನೆರಳು, ಮಜ್ಜಿಗೆ ಅಂಬಲಿ. ನನಗೂ ಇಷ್ಟ. ಆದರೆ ಮಣ್ಣಿನ ಗೋಡೆ ಕೆಡವಿ ಕಾಂಕ್ರೀಟ್ ಕಟ್ಟಿದ್ದೇವೆ, ಬೇವು ಕಡಿದು ರಸ್ತೆ ಅಗಲಿಸಿದ್ದೇವೆ. ಆ ಹಿರಿಯರಲ್ಲಿ ಎಷ್ಟು ಜನ ಬೇಸಿಗೆಯಲ್ಲಿ ಸತ್ತರು ಎಂಬುದನ್ನು ಯಾವ ಕವಿಯೂ ಎಣಿಸಿಲ್ಲ. ಉಬ್ಬಸದ ಮುದುಕಿಗೆ ತಂಪು ಭೋಗವಲ್ಲ, ಔಷಧ. ಔಷಧವನ್ನು ಸೋರದಂತೆ ಇಟ್ಟುಕೊಳ್ಳಬೇಕು ಎಂಬುದಷ್ಟೇ ನನ್ನ ವಾದ.

ಮೂರನೆಯದು, ‘ಕಾರ್ಖಾನೆಗಳ ಮುಂದೆ ನಮ್ಮ ಒಂದು ಕಿಲೋ ಯಾವ ಲೆಕ್ಕ’ ಎಂಬುದು. ನಮ್ಮದು ಒಂದೇ ಎಸಿಯಲ್ಲ. ಓಣಿ ಓಣಿಯಲ್ಲಿ ಬರುತ್ತಿವೆ, ಬರಲೂಬೇಕು. 2017ರ ‘ಡ್ರಾಡೌನ್’ ಎಂಬ ಪುಸ್ತಕದಲ್ಲಿ ವಿಜ್ಞಾನಿಗಳ ತಂಡ ಹವಾಮಾನ ಬಿಕ್ಕಟ್ಟಿಗೆ ನೂರರಷ್ಟು ಪರಿಹಾರಗಳನ್ನು ತೂಗಿ ನೋಡಿತ್ತು. ಪಟ್ಟಿಯ ಮೊದಲ ಸ್ಥಾನ ಸೌರ ಫಲಕಕ್ಕೂ ಸಿಗಲಿಲ್ಲ, ಗಾಳಿಯಂತ್ರಕ್ಕೂ ಸಿಗಲಿಲ್ಲ. ಸಿಕ್ಕಿದ್ದು ಶೀತಕಗಳನ್ನು ಗಾಳಿಗೆ ಬಿಡದೆ ಹಿಡಿದಿಡುವ ಕೆಲಸಕ್ಕೆ.

ಪ್ರೊಪೇನನ್ನೇ ಶೀತಕವಾಗಿ ಬಳಸುವ ಆರ್-290 ಎಸಿಗಳೂ ಇವೆ. ಅಡುಗೆ ಗ್ಯಾಸಿನ ಮುಖ್ಯ ಅಂಶಗಳಲ್ಲಿ ಒಂದು ಅದು. ಭೂಮಿಯ ಬಿಸಿಗೆ ಅದರ ಕಾಣಿಕೆ ತೀರಾ ಅಲ್ಪ, ಆದರೆ ಬೆಂಕಿ ಹತ್ತುತ್ತದೆ. ಅಲ್ಲಿ ಸೋರಿಕೆಯನ್ನು ಹುಡುಕದೆ ತುಂಬಿಸಿ ಹೋಗುವ ಹುಡುಗ ಆಕಾಶವನ್ನಲ್ಲ, ಮನೆಯನ್ನೇ ಸುಡಬಹುದು. ಈಗಿನ ಆರ್-32 ಕೂಡ ಸ್ವಲ್ಪ ಮಟ್ಟಿಗೆ ಉರಿಯುವಂಥದೇ. ಗ್ಯಾಸ್ ಬದಲಾದರೂ ಅಭ್ಯಾಸ ಬದಲಾಗದಿದ್ದರೆ ಏನಾದೀತು ಎಂದು ನೀವೇ ಯೋಚಿಸಿ.

ಹಾಗಾದರೆ ಮಾಡಬೇಕಾದ್ದೇನು? ಮುಂದಿನ ಸಲ ಯಾರಾದರೂ ಬಂದು ಗ್ಯಾಸ್ ಖಾಲಿ ಅಂದರೆ, ಎಲ್ಲಿ ಸೋರಿದೆ ತೋರಿಸಿ ಅನ್ನಿ. ತೋರಿಸದೆ ತುಂಬಲು ಬಿಡಬೇಡಿ. ಸೋಪಿನ ನೊರೆ ಹಚ್ಚಲು ಯಂತ್ರ ಬೇಕಿಲ್ಲ. ದುರಸ್ತಿಯಾದ ಮೇಲೆ ವ್ಯಾಕ್ಯೂಮ್ ಮಾಡಿದರೋ, ತೂಗಿ ತುಂಬಿದರೋ ನೋಡಿ. ಎಷ್ಟು ಗ್ರಾಂ ಎಂದು ಚೀಟಿಯಲ್ಲಿ ಬರೆಸಿ. ಬಾಡಿಗೆ ಮನೆ ಬದಲಿಸುವ ವಿದ್ಯಾರ್ಥಿಗಳು, ಹೊಸ ಸಂಸಾರದವರು ಗಮನಿಸಿ: ಎಸಿ ಬಿಚ್ಚುವ ಮುನ್ನ ಹೊರಗಿನ ಯೂನಿಟ್ಟಿನ ಒಂದು ವಾಲ್ವ್ ಮುಚ್ಚಿ, ಎಸಿ ಓಡಿಸಿ, ಗ್ಯಾಸನ್ನೆಲ್ಲ ಅದರೊಳಗೇ ಎಳೆದುಕೊಂಡು ಇನ್ನೊಂದು ವಾಲ್ವ್ ಮುಚ್ಚುವ ಕ್ರಮವಿದೆ. ಹತ್ತು ನಿಮಿಷದ ಕೆಲಸ. ಬಿಚ್ಚುವವರಿಗೆ ಅದನ್ನು ಮಾಡಿ ಎಂದು ಹೇಳಿ, ಅದಕ್ಕೆ ಬೇರೆ ದುಡ್ಡು ಕೊಡಿ. ಮೂರು ತಾಸು ಕೆಲಸ ಮಾಡುವವರಿಗೆ ಮೂರು ತಾಸಿನ ಕೂಲಿ ಕೊಡಲು ಮುಂದೆ ಬರದಿದ್ದರೆ ಇಪ್ಪತ್ತು ನಿಮಿಷದ ಸುಳ್ಳೇ ನಮಗೆ ಸಿಗುವುದು. ಇದಿಷ್ಟು ನಮ್ಮ ಪಾಲು. ಊರಿಗೊಂದಾದರೂ ಗ್ಯಾಸ್ ಹಿಡಿದಿಡುವ ಯಂತ್ರ ಚಾಚಾನಂಥವರಿಗೆ ಬಾಡಿಗೆಗೆ ಸಿಗುವಂತೆ ಮಾಡುವುದು ಸರ್ಕಾರದ ಪಾಲು, ಮಾರುವವರ ಪಾಲು. ಅದನ್ನು ಕೇಳುವುದೂ ನಮ್ಮ ಕೆಲಸವೇ.

ನನ್ನ ಹತ್ತಿರ ಈಗ ನಾಲ್ಕು ಚೀಟಿಗಳಿವೆ. ಮೂರರ ಮೇಲೆ ‘ಗ್ಯಾಸ್ ಚಾರ್ಜಿಂಗ್’ ಎಂದಿದೆ, ಮೂರಕ್ಕೂ ನನ್ನ ಸಹಿಯಿದೆ. ನಾಲ್ಕನೆಯದು ಚಾಚಾ ನನ್ನ ನೋಟ್‌ಬುಕ್ಕಿನ ಹಾಳೆ ಹರಿಸಿಕೊಂಡು ಬರೆದದ್ದು. ಕನ್ನಡ ಬರೆದು ರೂಢಿಯಿಲ್ಲದ ಕೈ, ಅಕ್ಷರ ಓರೆಕೋರೆ. ‘ಲೀಕ್ ಸಿಕ್ತು. ಬಂದ್ ಮಾಡಿದೆ. ಗ್ಯಾಸ್ ತೂಕ ಮಾಡಿ ಹಾಕಿದೆ.’ ಮೊನ್ನೆ ತರಗತಿಯಲ್ಲಿ ನಾಲ್ಕನ್ನೂ ಮೇಜಿನ ಮೇಲಿಟ್ಟು, ಇವುಗಳಲ್ಲಿ ಯಾವುದು ಒಳ್ಳೆಯ ಗದ್ಯ ಅಂತ ಮಕ್ಕಳನ್ನು ಕೇಳಿದೆ.